ಹಾಸಿಟ್ಟ ಮಂಚ

ನಂಬಿದರೆ ನಂಬಿ. ಸೈನ್ಯದ ತರಬೇತಿಗೆ ಸೇರಿದ ಹೊಸದರಲ್ಲಿ ನಾವ್ಯಾರೂ ಮಂಚದ ಮೇಲೆ ಮಲಗುತ್ತಿರಲಿಲ್ಲ. ಬೆಳಗಿನ ತಪಾಸಣೆಗೆ ಹಾಸಿಗೆ ಸುಕ್ಕಾಗಬಾರದಲ್ಲ! ಸಂಜೆಯೇ ಬೂಟಿಗೆ ಪಾಲಿಶ್ ಹಾಕಿ, ಹಾಸಿಗೆ ಹಾಸಿಟ್ಟು, ಪಕ್ಕದ ನೆಲದಲ್ಲಿ ಮುದುಡಿಕೊಳ್ಳುತ್ತಿದ್ದೆವು. ಆದರೂ ದಿನಾ ಬೆಳಗ್ಗೆ ನನ್ನ ಹಾಸಿಗೆ ಮಾತ್ರ ತಗ್ಗಾಗಿರುತ್ತಿತ್ತು. ಮುಟ್ಟಿದರೆ ಬೆಚ್ಚಗೆ, ದಿಂಬಿಗೆ ಅಮ್ಮನ ತಲೆಯೆಣ್ಣೆಯ ವಾಸನೆ.

ಒಂದು ದಿನ ಹವಾಲ್ದಾರರು ಆ ದಿಂಬಿನಿಂದ ಉದ್ದನೆಯ ನರೆಗೂದಲೊಂದನ್ನು ಎತ್ತಿ ಹಿಡಿದರು.

"ಇಲ್ಲಿ ಎಲ್ಲರ ತಲೆನೂ ಬೋಳು. ಇದ್ಯಾರದ್ದು?"

ಶಿಕ್ಷೆಗೆಂದು ಮೈದಾನ ಸುತ್ತುವಾಗಲೂ, ನಾಳೆಯೂ ಹಾಸಿಗೆ ಬೆಚ್ಚಗಿರಲಪ್ಪಾ ಎಂದೇ ಹಂಬಲಿಸಿದೆ.

ಭಾನುವಾರ ಮನೆಗೆ ಫೋನ್ ಮಾಡಿದಾಗ ಅಕ್ಕ ಎತ್ತಿದಳು.

"ಅಮ್ಮ ಚೆನ್ನಾಗಿದ್ದಾಳೆ ಕಣೋ. ಆದ್ರೆ ನೀನು ಹೋದಾಗಿಂದ, ಬೆಳಗ್ಗೆ ಏಳೋವಾಗ ಅವಳ ಮೈಯೆಲ್ಲ ಬೂಟ್ ಪಾಲಿಶ್ ವಾಸನೆ. ನಮ್ಮನೇಲಿ ಬೂಟು ಯಾರಿಗಿದೆ ಹೇಳು?"