ಒಣಗದ ಪಾಚಿ

ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡುವ ನಾನು ದೆವ್ವ ನಂಬುವವನಲ್ಲ. ಕಳೆದ ಏಪ್ರಿಲ್‌ನಲ್ಲಿ ಪಾಚಿಯ ಮಾದರಿ ತರಲು ಮಾಗಡಿ ಹತ್ತಿರದ ಕಲ್ಯದ ಬೆಟ್ಟ ಹತ್ತಿದ್ದೆ. ದಾರಿ ತೋರಿಸಿದವರು ಕುರಿ ಕಾಯುವ ಗಂಗಯ್ಯ. ಹೆಂಡತಿ ಮಕ್ಕಳಿಲ್ಲ, ಮನೆಯಲ್ಲಿ ಅವರೊಬ್ಬರೇ.

ಬೆಟ್ಟದ ಪಾಚಿಯೆಲ್ಲ ಒಣಗಿ ಕಪ್ಪಾಗಿ ಕಾಲಡಿ ಪುಡಿಯಾಗುತ್ತಿತ್ತು. ನೆರಳಿನಲ್ಲಿದ್ದ ಒಂದು ಬಂಡೆಯ ಮೇಲೆ ಮಾತ್ರ ಆಳುದ್ದಕ್ಕೆ ಹಸಿರಾಗಿ ಹಬ್ಬಿತ್ತು. ಹತ್ತಿರದಲ್ಲೆಲ್ಲೂ ನೀರಿರಲಿಲ್ಲ. ಕೈಯಿಟ್ಟರೆ ಜ್ವರ ಬಂದವರ ಮೈಯಂತೆ ಬೆಚ್ಚಗಿತ್ತು. ಹುಳಿ ಹಿಡಿದ ಹಾಲಿನ ವಾಸನೆ ಬಂತು.

"ನನ್ ತಮ್ಮ ಸಿದ್ದರಾಮು ಕುರಿ ಹೊಡ್ಕೊಂಡು ಬಂದೋನು ಕಾಣೆಯಾದ. ಇಲ್ಲಿ ಅವ್ನ ಕಂಬಳಿ ಮಾತ್ರ ಸಿಕ್ತು," ಎಂದರು ಗಂಗಯ್ಯ. "ಒಂದ್ ವರ್ಷ ಕಾದು, ಸತ್ತೋರ್ಗೆ ಬುಡೋ ಹಾಲುತುಪ್ಪ ಇಲ್ಲೇ ಬುಟ್ಬುಟ್ಟೊ. ಹೆಣ ನೋಡ್ದೆ ಬುಡಬಾರ್ದಾಗಿತ್ತು, ಮೇಷ್ಟ್ರೇ."

ಅವರು ಕುರಿ ತಿರುಗಿಸಲು ಹೋದಾಗ ನಾನು ಆ ಹಸಿರಿನ ಮೇಲ್ತುದಿಯಲ್ಲಿ, ಎಡಗಡೆಗೆ, ಅಂಗೈಯಗಲ ಪಾಚಿ ಕೆತ್ತಿ ಪೊಟ್ಟಣ ಕಟ್ಟಿಕೊಂಡೆ. ಕುರಿಗಳೆಲ್ಲ ಮೇಯುವುದನ್ನು ಬಿಟ್ಟು ತಲೆಯೆತ್ತಿದವು.

ಮೂರನೇ ದಿನ ಬೆಳಿಗ್ಗೆ ಅವರ ಫೋನ್ ಬಂತು.

"ಬಂಡೆಯಿಂದ ಏನಾರ ಕೆತ್ಕೊಂಡು ಹೋದ್ರಾ? ಎಡಗಡೆ ಭುಜದ ತಾವ?"

ಹೌದೆಂದೆ. ಅವರ ಹಿಂದೆ, ಮನೆಯೊಳಗೆ, ಯಾರೋ ನರಳುವುದು ಕೇಳುತ್ತಿತ್ತು.

"ಒಸಿ ತಂದ್ಕೊಟ್ಬುಡಿ," ಎಂದರು.

ಅವತ್ತೇ ಹೋಗಬೇಕಿತ್ತು. ಹೆದರಿದೆ, ಹೋಗಲಿಲ್ಲ. ಆಮೇಲೆ ಅವರ ಫೋನ್ ಬರಲಿಲ್ಲ. ಹನ್ನೊಂದು ತಿಂಗಳಾಯಿತು. ಪೊಟ್ಟಣದ ಕಾಗದವನ್ನು ಎಷ್ಟು ಸಲ ಬದಲಿಸಿದರೂ ಒದ್ದೆಯಾಗುತ್ತದೆ. ಪಾಚಿ ಇನ್ನೂ ಬೆಚ್ಚಗಿದೆ.