ನೀಲಿ ಸೂಟ್‌ಕೇಸಿಗೆ ಹಸಿರು ಅಂಚು

ಬುಧವಾರ ಬೆಳಿಗ್ಗೆ ರಾಮನಗರದ ಹಳೇ ಕಲ್ಲು ಕ್ವಾರಿಯ ಹೊಂಡದಲ್ಲಿ ಒಂದು ದೊಡ್ಡ ನೀಲಿ ಸೂಟ್‌ಕೇಸ್ ಸಿಕ್ಕಿತು. ಕುರಿ ಮೇಯಿಸುತ್ತಿದ್ದ ಬೈರಪ್ಪ ಮೊದಲು ನೋಡಿದವನು. ಅದು ಬಂಡೆಗೆ ತಾಗಿಕೊಂಡು ಅರ್ಧ ಮುಳುಗಿತ್ತು. ಹಿಡಿಗೆ ಹಸಿರು ಸೀರೆ ಅಂಚಿನ ತುಂಡೊಂದನ್ನು ಕಟ್ಟಿದ್ದರು. ಮೇಲಿದ್ದ ಹೆಸರಿನ ಚೀಟಿ ನೀರಿಗೆ ಕರಗಿಹೋಗಿತ್ತು.

ಅದನ್ನು ದಡಕ್ಕೆ ಎಳೆದವನು ನಾನು, ಹೆಡ್ ಕಾನ್‌ಸ್ಟೇಬಲ್ ದೇವರಾಜು. ಒಂಟಿ ಕೈಯಲ್ಲಿ. ಜೊತೆಗೆ ಮೂವರು ಹಗ್ಗ ಹಿಡಿದಿದ್ದರು ನಿಜ, ಆದರೆ ಅವರು ಜೋತುಬಿದ್ದಿದ್ದರಷ್ಟೆ. ಈ ನಾಲ್ಕು ತಾಲೂಕಿನಲ್ಲಿ ನನ್ನ ಮೀಸೆಗೆ ಹೆದರದ ಕಳ್ಳ ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೂ ತೊಟ್ಟಿಲಿನಿಂದ ನೇರ ವಕೀಲರ ಮನೆಗೆ ಹೋಗಿರುತ್ತಾನೆ.

ಜಿಪ್ ಎಳೆದೆ.

ಒಳಗೆ ಮನುಷ್ಯನಿದ್ದ. ಮೊಣಕಾಲು ಎದೆಗೆ ಒತ್ತಿತ್ತು. ತಲೆಯ ಹಿಂಭಾಗ ಒಡೆದಿತ್ತು. ತೊಟ್ಟಿಲಲ್ಲಿ ಮಲಗಿದ ಮಗುವಿನ ಹಾಗೆ ಮಡಚಿಕೊಂಡಿದ್ದ. ಆಗ ನನಗೂ ಮಾತು ಹೊರಡಲಿಲ್ಲ. ಇದೊಂದನ್ನು ಮಾತ್ರ ನಾನು ಹೆಚ್ಚು ಮಾಡಿ ಹೇಳುತ್ತಿಲ್ಲ.

"ಬಾಲರಾಜಣ್ಣ ಕಣ್ ಸಾ!" ಬೈರಪ್ಪ ಕೂಗಿದ. "ಕಾಶಿಗೆ ಜನ ಕರ್ಕೊಂಡ್ ಹೋಯ್ತಾರಲ್ಲ, ಅವ್ರು!"

ಪಿಎಸ್‌ಐ ಸುಮನಾ ಮೇಡಂ ಬಗ್ಗಿ ನೋಡಿದರು. ಮೇಡಂಗೆ ವಯಸ್ಸು ಮೂವತ್ತು ದಾಟಿಲ್ಲ. ಮಾತು ಬಹಳ ಕಡಿಮೆ. ಅವರ ಪಾಲಿನದನ್ನೂ ಸೇರಿಸಿ ನಾನೇ ಆಡುತ್ತೇನೆ.

ನಾನು ಹಸಿರು ತುಂಡನ್ನು ಬಿಚ್ಚಿ ಹಿಂಡಿ ಕವರಿಗೆ ಹಾಕಿದೆ. ಕೈ ಒರೆಸಲು ಹೋದೆ.

"ದೇವರಾಜಣ್ಣ, ಕೈ ತೊಳೀಬೇಡಿ. ತೋರಿಸಿ."

ನನ್ನ ಅಂಗೈ ಗಿಳಿಯ ರೆಕ್ಕೆಯಂತೆ ಹಸಿರಾಗಿತ್ತು. ಮೇಡಂ ಮೊಬೈಲಿನಲ್ಲಿ ಅದರ ಫೋಟೋ ತೆಗೆದುಕೊಂಡರು. 

* * *

ಬಾಲರಾಜು ಮತ್ತು ಅನಂತರಾಜು ಇಬ್ಬರೂ ಸೇರಿ ರಾಮನಗರದಲ್ಲಿ ಯಾತ್ರಾ ಆಫೀಸು ಇಟ್ಟಿದ್ದರು. ಬಾಲರಾಜು ಜನರ ಜೊತೆ ಹೋಗುತ್ತಿದ್ದ. ಅನಂತರಾಜು ಆಫೀಸು ನೋಡಿಕೊಳ್ಳುತ್ತಿದ್ದ. ಈ ಸಲ ಮೂವತ್ತು ಜನ ವಿಮಾನದಲ್ಲಿ ಕಾಶಿಗೆ ಹೋಗಿ ಸೋಮವಾರ ಮರಳಿದ್ದರು. ಮಂಗಳವಾರ ಸಂಜೆಯಿಂದ ಬಾಲರಾಜು ಮನೆಗೆ ಬಂದಿರಲಿಲ್ಲ.

ಅನಂತರಾಜು ಅಳುತ್ತಲೇ ನಮ್ಮನ್ನು ಬರಮಾಡಿಕೊಂಡ. ಅವನ ಹಿಂದೆ ಗೋಡೆಗೆ ಹೊಸ ನೀಲಿ ಸೂಟ್‌ಕೇಸುಗಳ ಸಾಲಿತ್ತು. ಹನ್ನೆರಡು. ಎಲ್ಲವೂ ಕ್ವಾರಿಯಲ್ಲಿ ಸಿಕ್ಕಿದ್ದರ ಅವಳಿಗಳೇ.

"ಎಲ್ರಿಗೂ ಆಫೀಸಿಂದ ಇದೇ ಕೊಡೋದು ಸಾರ್. ಎಲ್ಲಾ ಒಂದೇ ಥರ ಅಲ್ವಾ, ಏರ್‌ಪೋರ್ಟಲ್ಲಿ ಬೆಲ್ಟಿನ ಮೇಲೆ ಬಂದಾಗ ಜನ ಕಚ್ಚಾಡ್ತಾರೆ. ಅದಕ್ಕೇ, ಅವರವರ ಗುರುತು ಕಟ್ಟಿ, ಮೇಲೆ ಚೀಟಿ ಅಂಟಿಸಿ ಹೆಸರು ವಿಳಾಸ ದಪ್ಪಗೆ ಬರೀರಿ ಅಂತೀನಿ. ಹೊರಡೋ ದಿನ ಒಂದೊಂದರ ಫೋಟೋ ತೆಗೆದು ಗ್ರೂಪಿಗೆ ಹಾಕ್ತೀನಿ."

ಮೊಬೈಲು ತೋರಿಸಿದ. ಒಂದಕ್ಕೆ ಕೆಂಪು ದಾರ, ಒಂದಕ್ಕೆ ಹಳೇ ಟವೆಲ್ಲು, ಇನ್ನೊಂದಕ್ಕೆ ಎತ್ತಿನ ಕೊರಳ ಹುರಿ. ಹನ್ನೊಂದನೇ ಫೋಟೋದಲ್ಲಿ ಹಸಿರು ಸೀರೆ ಅಂಚು.

"ಕೋಡಿಹಳ್ಳಿ ವರಲಕ್ಷ್ಮಮ್ಮನದು," ಅಂದ ಅನಂತರಾಜು. "ಬರುವಾಗ ಕಳೆದುಹೋಗಿತ್ತು. ಬಾಲು ಹುಡುಕಿಸಿ ತಂದು ಕೊಟ್ಟಿರಬೇಕು. ಅವರ ಮೊಮ್ಮಗ ಪುನೀತ್... ಹೇಳಬಾರದು, ಆದರೆ ಈ ವಿಡಿಯೋ ನೋಡಿ."

ವಿಮಾನ ನಿಲ್ದಾಣದ ಹೊರಗೆ ಯಾರೋ ತೆಗೆದ ವಿಡಿಯೋ. ಪುನೀತ್ ಬಾಲರಾಜುವಿನ ಕೆನ್ನೆಗೆ ಹೊಡೆಯುತ್ತಾನೆ. "ಕಣ್ ಕಾಣ್ದಿರೋ ಮುದುಕೀನ ಮೂರು ಗಂಟೆ ಒಂಟೀಗ್ ಬುಟ್ಟು ಎಲ್ಲೋಗಿದ್ಲಾ? ನಿನ್ ಪೆಟ್ಟಿಗೇಲೇ ನಿನ್ನ ತುಂಬಿ ಕಳಿಸ್ತೀನಿ ಕಣ್ಲಾ!"

ನೋಡಿದವರು ಮೂವತ್ತು ಜನ. ನಾನು ಹೇಳುವಾಗ ಮುನ್ನೂರು ಅನ್ನುತ್ತೇನೆ.

* * *

ಪುನೀತನನ್ನು ಹಾರೋಹಳ್ಳಿಯ ಕಾರ್ಖಾನೆ ಗೇಟಿನಲ್ಲೇ ಹಿಡಿದೆವು. ಅವನು ಓಡಲಿಲ್ಲ.

"ಮಂಗಳವಾರ ಸಂಜೆ ಎಲ್ಲಿದ್ದೆ?" ಮೇಡಂ ಕೇಳಿದರು.

"ರಾಮನಗರದಾಗೆ ಮೇಡಂ. ಅಜ್ಜಿ ಬ್ಯಾಗು ಕೇಳಕ್ಕೋಗಿದ್ದೆ. ಆಫೀಸು ಬಾಗ್ಲು ಹಾಕಿತ್ತು."

"ಯಾರಾದರೂ ನೋಡಿದರಾ?"

"ಬಾಗ್ಲು ಹಾಕಿದ್ ಮೇಲೆ ಯಾರ್ ನೋಡ್ತಾರೆ?"

ತನಗೆ ತಾನೇ ಗುಂಡಿ ತೋಡಿಕೊಂಡ. ಲಾಕಪ್ಪಿಗೆ ಹಾಕಿದೆವು. ಗುರುವಾರ ಮಧ್ಯಾಹ್ನದೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಆಮೇಲೆ ಜೈಲು. ಕೊಲೆ ಕೇಸು, ಸುಲಭಕ್ಕೆ ಜಾಮೀನಿಲ್ಲ.

ವರಲಕ್ಷ್ಮಮ್ಮ ಮಧ್ಯಾಹ್ನದ ಬಸ್ಸಿಗೆ ಬಂದರು. ಕಣ್ಣಿಗೆ ಮಂಜು. ಪುನೀತನ ಮಗಳು ಸಿರಿ ಸೊಂಟದ ಮೇಲೆ. ಒಂದೂವರೆ ವರ್ಷದ ಮಗು. ಲಾಕಪ್ಪಿನ ಸರಳು ಹಿಡಿದು "ಅಪ್ಪ, ಬಾ" ಅಂದಿತು. ಪುನೀತ್ ಗೋಡೆಗೆ ಮುಖ ತಿರುಗಿಸಿಕೊಂಡ.

ಅಜ್ಜಿಯ ಹೇಳಿಕೆ ಬರೆದುಕೊಂಡವನು ನಾನೇ.

"ಬ್ಯಾಗಿಗೆ ಹಸಿರು ಸೀರೆ ಅಂಚು ಕಟ್ಟಿದ್ಯೇನಜ್ಜಿ?"

"ಊ ಕಣಪ್ಪ, ಕಟ್ಟಿದ್ದೆ."

"ನಿನ್ನ ಸೀರೇದೇನಾ?"

"ನಂದೇ ಕಣಪ್ಪ."

ಬರೆದೆ. ಹೆಬ್ಬೆಟ್ಟು ಒತ್ತಿಸಿದೆ. ಅಕ್ಷರಗಳು ಮುತ್ತಿನಂತಿದ್ದವು. ಇಡೀ ಇಲಾಖೆಯಲ್ಲಿ ಅಂಥ ಹೇಳಿಕೆ ಬರೆದವರು ಯಾರೂ ಇಲ್ಲ. ಒಬ್ಬ ನಿರಪರಾಧಿಯ ಕೊರಳಿಗೆ ಹಗ್ಗ ಹೊಸೆಯುವ ಅಕ್ಷರಗಳು ಅಂತ ಆಗ ಗೊತ್ತಿರಲಿಲ್ಲ.

* * *

ಅದೇ ಹೊತ್ತಿಗೆ ಮಾಗಡಿಯ ನಿವೃತ್ತ ಮೇಷ್ಟ್ರು ವೆಂಕಟಯ್ಯ ಕೊಡೆ ಊರಿಕೊಂಡು ಒಳಗೆ ಬಂದರು. ಅವರೂ ಕಾಶಿಗೆ ಹೋಗಿದ್ದವರು. ಬಾಲರಾಜು ಸತ್ತ ಸುದ್ದಿ ಗ್ರೂಪಿನಲ್ಲಿ ಓದಿ ಬಂದಿದ್ದರು.

"ಅಮ್ಮಾ, ನಾವು ಊರಲ್ಲಿಲ್ಲದಾಗ ನಮ್ಮ ಮನೆ ಬೀಗ ಒಡೆದಿದ್ದಾರೆ. ಬೆಳ್ಳಿ ದೀಪ, ನನ್ನಾಕೆಯ ಬಳೆ, ಎಲ್ಲಾ ಹೋಯ್ತು. ಮಾಗಡಿಯಲ್ಲಿ ಕಂಪ್ಲೇಂಟ್ ಕೊಟ್ಟಾಗಿದೆ. ಮಂಗಳವಾರ ಮಧ್ಯಾಹ್ನ ಬಾಲರಾಜು ಬಂದು ನೋಡಿದ. ಮುಖ ಸುಣ್ಣ ಆಯ್ತು. 'ಮೇಷ್ಟ್ರೇ, ಒಂದು ದಿನ ಟೈಮ್ ಕೊಡಿ, ಇದು ಯಾರ ಕೆಲಸ ಅಂತ ನಂಗೊತ್ತಾಯ್ತು' ಅಂದ. ಆ ಸಂಜೆಯೇ ಹೀಗಾಗಿದೆ."

ಮೇಡಂ ಪೆನ್ನು ಕೆಳಗಿಟ್ಟರು.

ಮೇಷ್ಟ್ರು ಬೆಂಚಿನ ಮೇಲಿದ್ದ ಅಜ್ಜಿಯನ್ನು ನೋಡಿ ಮಾತಾಡಿಸಿದರು. "ವರಲಕ್ಷ್ಮಮ್ಮ, ಕಾಶೀಲಿ ಏನ್ ಬಿಟ್ರಿ ನೀವು? ನಾನು ಬದನೆಕಾಯಿ ಬಿಟ್ಟೆ."

ನಮ್ಮ ಕಡೆ ಕಾಶಿಗೆ ಹೋದವರು ತಮಗೆ ಇಷ್ಟವಾದದ್ದೊಂದನ್ನು ಅಲ್ಲೇ ಬಿಟ್ಟು ಬರಬೇಕು. ಮತ್ತೆ ಮುಟ್ಟುವ ಹಾಗಿಲ್ಲ. ಮೇಷ್ಟ್ರಿಗೆ ಬದನೆಕಾಯಿ ಮೊದಲೂ ಸೇರುತ್ತಿರಲಿಲ್ಲ ಅಂತ ನನ್ನ ಗುಮಾನಿ.

"ನಾನು ಹಸಿರು ಸೀರೆ ಬುಟ್ಟೆ ಕಣ್ ಮೇಷ್ಟ್ರೇ," ಅಂದರು ಅಜ್ಜಿ. "ಪುನೀತನ ನಾಮಕರಣಕ್ಕೆ ನಮ್ಮೆಜಮಾನ್ರು ತಂದಿದ್ದು. ಅದಕ್ಕಿಂತ ಇಷ್ಟವಾದ್ದು ನಂಗೆ ಇನ್ನೇನೈತೆ? ಗಂಗೇಗೆ ಬುಟ್ಟೆ."

ಮೇಡಂ ಎದ್ದು ಬಂದು ಅಜ್ಜಿಯ ಮುಂದೆ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತರು.

"ಅಜ್ಜಿ, ಬ್ಯಾಗಿಗೆ ಕಟ್ಟಿದ್ದ ಅಂಚು?"

"ಅದೂ ಅದೇ ಸೀರೇದಲ್ವೇನವ್ವ? ಸೀರೆ ಗಂಗೇಗೆ ಕೊಟ್ಟು ಅಂಚು ನಾನಿಟ್ಕೊಂಡ್ರೆ ದೇವರಿಗೆ ಮೋಸ ಮಾಡ್ದಂಗಾಯ್ತದೆ. ಬಿಚ್ಚಿ ಅದ್ನೂ ಬುಟ್ಟೆ."

"ಹಾಗಾದರೆ ವಾಪಸು ಬರುವಾಗ ಏನು ಕಟ್ಟಿದ್ರಿ?"

"ಗಿಲಕಿ."

"ಏನು?"

"ಈ ಕಳ್ಳಿ ಸಿರಿ ಆಟ ಆಡ್ತಾ ಬ್ಯಾಗೊಳಗೆ ಗಿಲಕಿ ಹಾಕ್ಬುಟ್ಟಿದ್ಲು. ಚನ್ನಪಟ್ಟಣದ್ದು, ಮರದ್ದು. ಹೋಗುವಾಗ ನಂಗೆ ಹಸಿರೂ ಕಾಣ್ನಿಲ್ಲ, ಕೆಂಪೂ ಕಾಣ್ನಿಲ್ಲ. ಬ್ಯಾಗು ನನ್ ಮುಂದೇನೇ ಮೂರು ಸುತ್ತು ಹೋಯ್ತಂತೆ. ಕಣ್ಣು ಹೋದ್ರೂ ಕಿವಿ ಚೆನ್ನಾಗೈತೆ. ಅದಕ್ಕೇ ಗಿಲಕಿ ಕಟ್ಟಿದೆ. ಬಂದ್ರೆ ಗಲಗಲ ಅಂತದೆ."

"ಹೌದಮ್ಮ," ಮೇಷ್ಟ್ರು ನಕ್ಕರು. "ಕಾಶಿ ಏರ್‌ಪೋರ್ಟಿನಲ್ಲಿ ಮೂವತ್ತು ಜನವೂ ಆ ಗಿಲಕಿ ಅಲ್ಲಾಡಿಸಿ ನಕ್ಕಿದ್ದೆವು. ಬಾಲರಾಜೂ ಸಹ."

ಮೇಡಂ ನನ್ನತ್ತ ತಿರುಗಿದರು. "ದೇವರಾಜಣ್ಣ, ಹೇಳಿಕೆ ಚೆನ್ನಾಗಿ ಬರೆದಿದ್ದೀರಿ. ಒಂದು ಪ್ರಶ್ನೆ ಮಾತ್ರ ಬಿಟ್ಟಿದ್ದೀರಿ."

ನಾನು ಹುಟ್ಟಿದ ಮೇಲೆ ಮೊದಲ ಸಲ ಮೀಸೆ ಇಳಿಸಿದೆ.

* * *

ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ಸರ್ಚ್ ವಾರಂಟ್ ಹಿಡಿದು ಯಾತ್ರಾ ಆಫೀಸಿಗೆ ಹೋದೆವು. ಮೇಷ್ಟ್ರು ಜೊತೆಗಿದ್ದರು. ಅನಂತರಾಜು ಕಾಫಿ ತರಿಸುತ್ತೇನೆ ಅಂದ. ಮೇಡಂ ಬೇಡ ಅಂದರು.

"ಅಜ್ಜಿ ಬ್ಯಾಗು ಕಾಶಿಯಿಂದ ಹೊರಟಾಗ ಅದಕ್ಕೆ ಏನು ಗುರುತಿತ್ತು?"

"ಅದೇ, ಹಸಿರು ಅಂಚು. ಫೋಟೋ ಕೊಟ್ಟಿದ್ದೀನಲ್ಲ ಮೇಡಂ."

"ಯಾತ್ರೆಗೆ ಹೋದವರಲ್ಲಿ ಯಾರನ್ನೇ ಕೇಳಿ, ಗಿಲಕಿ ಅಂತಾರೆ. ಆ ಅಂಚು ಗಂಗೆಯಲ್ಲಿದೆ. ಹಸಿರು ಅಂತ ಹೇಳೋದು ಇಲ್ಲೇ ಉಳಿದು, ಬರೀ ಫೋಟೋ ನೋಡಿದವರು."

ಅನಂತರಾಜು ತುಟಿ ಸವರಿಕೊಂಡ. "ನಂಗೆ ಗೊತ್ತಿರಲಿಲ್ಲ. ಅದೇನು ಅಪರಾಧವಾ?"

"ಅಲ್ಲ. ಆದರೆ ಹೆಣದ ಸೂಟ್‌ಕೇಸಿಗೆ ಅಂಚು ಕಟ್ಟಿದವನಿಗೂ ಗೊತ್ತಿರಲಿಲ್ಲ. ದೇವರಾಜಣ್ಣ, ಕೈ."

ನಿನ್ನೆಯಿಂದ ತೊಳೆಯದ ಅಂಗೈಯನ್ನು ಬಿಡಿಸಿ ತೋರಿಸಿದೆ. ಊಟ ಚಮಚದಲ್ಲಿ ಮಾಡಿದ್ದೆ. ಸಾಕ್ಷ್ಯಕ್ಕಾಗಿ ಇಷ್ಟು ತ್ಯಾಗ ಮಾಡಿದ ಪೊಲೀಸ್ ಇಡೀ ದೇಶದಲ್ಲೇ ಇಲ್ಲ.

"ಅಜ್ಜಿ ಸೀರೆಗೆ ಪುನೀತನಷ್ಟೇ ವಯಸ್ಸು, ಇಪ್ಪತ್ತೆಂಟು ವರ್ಷ. ಸಾವಿರ ಸಲ ಒಗೆದದ್ದು. ಅದರಲ್ಲಿ ಬಿಡೋಕೆ ಬಣ್ಣವೇ ಉಳಿದಿರಲ್ಲ. ಇದು ಮೊದಲ ನೀರಿಗೇ ಬಿಟ್ಟಿದೆ. ಅಂಗಡಿಯಿಂದ ಆಗಷ್ಟೇ ತಂದ ಸೀರೆ. ಕತ್ತರಿಯಲ್ಲಿ ಕತ್ತರಿಸಿದ್ದು. ಉಳಿದ ಸೀರೆ ಎಲ್ಲಿ?"

"ಯಾವ ಸೀರೆ? ನೀವು..."

ಮೇಡಂ ಮಾತು ಮುಗಿಯಲು ಬಿಡದೆ ಸೂಟ್‌ಕೇಸುಗಳ ಸಾಲಿನ ಮುಂದೆ ನಡೆದರು. ನಿನ್ನೆ ಹನ್ನೆರಡಿದ್ದವು. ಈಗಲೂ ಹನ್ನೆರಡು. ಒಂದೊಂದರ ಜಿಪ್ಪನ್ನು ಬೆರಳಲ್ಲಿ ಮುಟ್ಟುತ್ತಾ ಹೋದರು. ಏಳನೆಯದರ ಮುಂದೆ ನಿಂತರು.

ಅದರ ಜಿಪ್ಪಿಗೆ ಕಪ್ಪು ದಾರದ ಸಣ್ಣ ಗಂಟಿತ್ತು.

"ಎಲ್ಲಾ ಒಂದೇ ಥರ ಅಲ್ವಾ ಅನಂತರಾಜು? ನಿಮಗೂ ನಿಮ್ಮದು ಗುರುತು ಸಿಗಬೇಕಲ್ಲ."

ಅನಂತರಾಜು ಬಾಗಿಲಿಗೆ ಹಾರಿದ. ಬಾಗಿಲಲ್ಲಿ ನಾನಿದ್ದೆ. ಮುಂದಿನದನ್ನು ನಾನು ಊರಲ್ಲಿ ಅರ್ಧ ಗಂಟೆ ಹೇಳುತ್ತೇನೆ. ನಿಜಕ್ಕೂ ಅವನು ನನ್ನ ಹೊಟ್ಟೆಗೆ ಡಿಕ್ಕಿ ಹೊಡೆದು ತಾನೇ ಬಿದ್ದ.

ಸೂಟ್‌ಕೇಸಿನಲ್ಲಿ ಅಂಚು ಕತ್ತರಿಸಿದ ಹೊಸ ಹಸಿರು ಸೀರೆ. ಕೆಳಗೆ ಬೆಳ್ಳಿ ದೀಪ. ಮೇಷ್ಟ್ರು ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು. ಅದರ ಕೆಳಗೆ ಟವೆಲ್ಲಿನಲ್ಲಿ ಸುತ್ತಿದ ಕಬ್ಬಿಣದ ಸಲಾಕೆ. ಬೀಗ ಒಡೆದದ್ದೂ ಅದೇ, ಬಾಲರಾಜುವಿನ ತಲೆ ಒಡೆದದ್ದೂ ಅದೇ.

"ಯಾತ್ರೆ ಶುರುವಾದಾಗಿನಿಂದ ಕನಕಪುರ, ಚನ್ನಪಟ್ಟಣ, ಮಾಗಡಿಯಲ್ಲಿ ಬೀಗ ಒಡೆದ ಐದು ಮನೆ. ಐದೂ ನಿಮ್ಮ ಯಾತ್ರೆಗೆ ಹೋದವರದು. ರಾತ್ರಿಯೆಲ್ಲ ರಿಜಿಸ್ಟರ್ ನೋಡಿದೆ," ಅಂದರು ಮೇಡಂ. "ಬೆಲ್ಟಿನ ಮೇಲೆ ಬ್ಯಾಗು ಸುಲಭವಾಗಿ ಸಿಗಲಿ ಅಂತ ವಿಳಾಸ ದಪ್ಪಗೆ ಬರೆಸಿದಿರಿ. ಫೋಟೋ ತೆಗೆದಿರಿ. ಅವರಿಗೆ ಬ್ಯಾಗಿನ ಗುರುತಾಯ್ತು, ನಿಮಗೆ ಖಾಲಿ ಮನೆಯ ಗುರುತಾಯ್ತು. ಮೇಷ್ಟ್ರ ಮನೆ ನೋಡಿದ ಮೇಲೆ ಬಾಲರಾಜುಗೆ ಹೊಳೀತು. ನೇರ ನಿಮ್ಮ ಹತ್ರ ಬಂದರು. ಅವರು ಹೇಳಿದ್ದು ಅಜ್ಜಿ ಬ್ಯಾಗು ಕಳೆದಿದೆ ಅಂತ ಮಾತ್ರ, ಗಿಲಕಿ ವಿಷಯ ಹೇಳಲಿಲ್ಲ. ಪುನೀತನ ವಿಡಿಯೋ ಕೈಯಲ್ಲಿತ್ತು. ಹೊಸ ಸೂಟ್‌ಕೇಸು ಗೋಡೆಗಿತ್ತು. ಬೇಕಾಗಿದ್ದದ್ದು ಒಂದು ಹಸಿರು ಅಂಚು."

"ಬಾಲು ಒಂದು ದಿನ ಟೈಮ್ ಕೊಟ್ಟಿದ್ದ," ಅನಂತರಾಜು ನೆಲ ನೋಡುತ್ತಾ ಅಂದ. "ನೀನೇ ಹೋಗಿ ಒಪ್ಕೊಂಡ್ಬುಡು, ನಾನೂ ಜೊತೇಲಿ ಬತ್ತೀನಿ ಅಂದ. ಹಂಗಂದು ನನಗೆ ಬೆನ್ನು ತಿರುಗಿಸಿದ."

ನಾನು ಅವನಿಗೆ ಕೋಳ ತೊಡಿಸಿದೆ.

* * *

ಪುನೀತ್ ಮಧ್ಯಾಹ್ನದೊಳಗೆ ಹೊರಬಂದ. ಸಂಜೆ ವಿಮಾನ ನಿಲ್ದಾಣದಿಂದ ಫೋನು ಬಂತು. ಅಜ್ಜಿಯ ಸೂಟ್‌ಕೇಸು ವಿಮಾನ ಬದಲಿಸುವಾಗ ಡೆಲ್ಲಿಯಲ್ಲೇ ಉಳಿದಿತ್ತು, ಈಗ ಬಂದಿದೆ. ಅದೂ ಕೇಸಿನ ಸಾಕ್ಷಿಯೇ. ಜೀಪಿನಲ್ಲಿ ಅಜ್ಜಿ, ಪುನೀತ್, ಮಗು ಮೂವರನ್ನೂ ಕರೆದುಕೊಂಡು ದೇವನಹಳ್ಳಿಗೆ ಹೋದೆ.

ಕೌಂಟರಿನ ಹುಡುಗಿ ಸೂಟ್‌ಕೇಸನ್ನು ತಳ್ಳಿಕೊಂಡು ಬಂದಳು. ಬರುವ ಮೊದಲು ನಿಂತು ಅದನ್ನು ಎರಡು ಸಲ ಅಲ್ಲಾಡಿಸಿದಳು. ಗಲಗಲ ಅಂದಿತು.

"ಬಂತು," ಅಂದರು ಅಜ್ಜಿ. ಸಿರಿ ಚಪ್ಪಾಳೆ ತಟ್ಟಿದಳು.

"ಯಾಕಮ್ಮ ಹಂಗೆ ಅಲ್ಲಾಡಿಸಿದ್ದು?" ನಾನು ಕೇಳಿದೆ.

"ಫಾರಂನಲ್ಲಿ ಬರೆದಿದ್ದರು ಸರ್. ಸೋಮವಾರ ಒಬ್ಬರು ಮೂರು ಗಂಟೆ ಇಲ್ಲೇ ನಿಂತಿದ್ದರು. ಕಂಪ್ಲೇಂಟ್ ತಗೊಳೋವರೆಗೂ ಹೋಗಲ್ಲ ಅಂತ."

ಪುನೀತ್ ಫಾರಂ ತೆಗೆದುಕೊಂಡ. ಕೆಳಗೆ ನೀಲಿ ಇಂಕಿನಲ್ಲಿ ಕನ್ನಡದಲ್ಲಿ ಬರೆದಿತ್ತು. ಅವನು ಒಂದು ಸಲ ಓದಿದ. ಇನ್ನೊಂದು ಸಲ ಓದಿದ. ನಾನು ಹೆಗಲ ಮೇಲಿನಿಂದ ಇಣುಕಿದೆ.

'ಗುರುತು: ಹಿಡಿಗೆ ಮರದ ಗಿಲಕಿ ಕಟ್ಟಿದೆ. ಅಜ್ಜಿಗೆ ಕಣ್ಣು ಕಾಣುವುದಿಲ್ಲ. ದಯವಿಟ್ಟು ಅಲ್ಲಾಡಿಸಿ ಕೊಡಿ. ಇಂತಿ, ಬಾಲರಾಜು.'

ಪುನೀತ್ ತನ್ನ ಬಲಗೈಯನ್ನೇ ನೋಡಿಕೊಂಡ. ಹೊಡೆದ ಕೈ.

"ಸಾ," ಅಂದ. "ಹೋಗ್ತಾ ಬಾಲರಾಜಣ್ಣನ ಮನೆ ತಾವ ಒಸಿ ನಿಲ್ಲಿಸ್ತೀರಾ?"

ಅಜ್ಜಿ ಗಿಲಕಿ ಬಿಚ್ಚಿ ಮುಷ್ಟಿಯಲ್ಲಿ ಬಿಗಿ ಹಿಡಿದುಕೊಂಡರು. ಮಗು ಕೇಳಿದರೂ ಕೊಡಲಿಲ್ಲ. ರಾಮನಗರದವರೆಗೆ ಅದು ಒಂದು ಸದ್ದೂ ಮಾಡಲಿಲ್ಲ.

ನಾನೂ ಮಾಡಲಿಲ್ಲ.