ಚಿತ್ರದಿಂದ ಅಳಿಸಿದ ಕೈ

"ಇದನ್ನ ಇಷ್ಟು ದೊಡ್ಡದಾಗಿ ತೋರ್ಸಿದ ಪುಣ್ಯಾತ್ಮರು ಯಾರು?!"

ಮೇಜಿನ ಮೇಲೆ ಧಡ್ ಎಂದು ಒಂದು ವಾಶ್‌ಬೇಸಿನ್ ಬಂದು ಕೂತಿತು. ಅವಳು ಬೆಚ್ಚಿಬಿದ್ದು ತಲೆಯೆತ್ತಿದಳು. ಎದುರಿಗೆ ನಲ್ಲಿ, ಬೇಸಿನ್ ಕೂರಿಸುವ ಫಿಟ್ಟರ್. ಅಂಗಿಯ ತುಂಬ ಸಿಮೆಂಟ್ ಪುಡಿ, ಮುಖದ ತುಂಬ ಸಿಟ್ಟು.

"ನಾನೇ..." ಎಂದಳು ಮೆಲ್ಲಗೆ.

"ಮೇಡಂ, ಆ ಮನೆಯವರು ಮುಖ ತೊಳೆಯೋಕೆ ಅಂತ ಇದನ್ನ ಆರಿಸಿದ್ರು. ಇದು ಮೂಗು ತೊಳೆಯೋಕೂ ಸಾಲ್ದು! ಬೈಸ್ಕೊಂಡಿದ್ದು ಮಾತ್ರ ನಾನು!"

ನಗಬಾರದಿತ್ತು. ಆದರೆ ನಗು ಯಾರ ಮಾತು ಕೇಳುತ್ತದೆ? ಅವಳು ನಕ್ಕುಬಿಟ್ಟಳು. ಅವನೂ ಸಿಟ್ಟು ಮರೆತು ಅವಳನ್ನೇ ನೋಡುತ್ತ ನಿಂತ.

ಹೊಸ ಮನೆಗಳಿಗೆ ಬಚ್ಚಲುಮನೆ ಮಾಡಿಕೊಡುವ ಕಂಪನಿ ಅದು. ನಲ್ಲಿ, ಬೇಸಿನ್, ಕನ್ನಡಿ ಎಲ್ಲವನ್ನೂ ಗಿರಾಕಿಗಳು ಕಂಪ್ಯೂಟರ್ ಪರದೆಯ ಮೇಲೆ ನೋಡಿ ಆರಿಸಬೇಕು. ಆರಿಸಿದ್ದು ರಿಪೋರ್ಟಾಗಿ ಪ್ರಿಂಟಾಗುತ್ತದೆ, ಅದಕ್ಕೆ ಅವರ ಸಹಿ ಬೀಳುತ್ತದೆ. ಆ ಚಿತ್ರಗಳನ್ನೆಲ್ಲ ಒಂದೇ ಹದಕ್ಕೆ ತರುವುದು ಅವಳ ಕೆಲಸ. ಹಿಂದಿನ ಗೋಡೆ ಕತ್ತರಿಸಬೇಕು, ಬಿಳಿ ಹರಡಬೇಕು, ನೆರಳು ಒರೆಸಬೇಕು, ವಸ್ತುವನ್ನು ಚೌಕದ ತುಂಬ ಹಿಗ್ಗಿಸಬೇಕು. ಆ ಚೌಕದೊಳಗೆ ಸೋಪಿನ ತಟ್ಟೆಗೂ ಸ್ನಾನದ ತೊಟ್ಟಿಗೂ ಒಂದೇ ಎತ್ತರ! ಅಳತೆ ಕೆಳಗೆ ಬರೆದಿರುತ್ತಿತ್ತು, ನಿಜ. ಓದುವವರು ಯಾರು? ಆಫೀಸಿನಲ್ಲಿ ಅವಳಿಗೆ 'ಬಿಳಿ ಮೇಡಂ' ಎಂದೇ ಹೆಸರು.

"ಪಕ್ಕದಲ್ಲಿ ಒಂದು ಕೈ ಇಟ್ಟು ಫೋಟೋ ತೆಗೀರಿ. ಎಷ್ಟು ದೊಡ್ಡದು ಅಂತ ಮಗೂಗೂ ಗೊತ್ತಾಗತ್ತೆ," ಎಂದ ಅವನು.

"ಯಾರ ಕೈ?"

"ನಂದೇ ಇದೆಯಲ್ಲ. ಬಾಡಿಗೆ ಕೇಳಲ್ಲ ಬಿಡಿ!"

ಹಾಗೆ ಶುರುವಾಯಿತು. ಸಂಜೆ ಕೆಲಸ ಮುಗಿದ ಮೇಲೆ ಅವನು ಗೋದಾಮಿನಲ್ಲಿ ಒಂದೊಂದೇ ವಸ್ತುವಿನ ಪಕ್ಕ ಕೈಯಿಡುತ್ತಿದ್ದ, ಅವಳು ಫೋಟೋ ತೆಗೆಯುತ್ತಿದ್ದಳು. ಒರಟು ಬೆರಳು, ಒಡೆದ ಉಗುರು. ಆ ಕೈಯನ್ನು ಪರದೆಯ ಮೇಲೆ ನೋಡುತ್ತ ನೋಡುತ್ತ ಅವಳು ಯಾವಾಗ ಸೋತಳೋ ಅವಳಿಗೇ ತಿಳಿಯಲಿಲ್ಲ. ದೂರುಗಳೂ ನಿಂತವು.

ಆಮೇಲೆ ಮಾಲೀಕರ ಕಣ್ಣಿಗೆ ಒಂದು ರಿಪೋರ್ಟ್ ಬಿತ್ತು.

"ಏನ್ರೀ ಇದು, ಇಷ್ಟು ಚೆಂದದ ಕಾಗದದ ಮೇಲೆ ಈ ಕೂಲಿ ಕೈ? ಇವತ್ತೇ ಎಲ್ಲ ಅಳಿಸಿ. ಆಗಲ್ಲ ಅಂದ್ರೆ ಬೇರೆಯವರು ಬರ್ತಾರೆ."

ಮನೆಯಲ್ಲಿ ಹಾಸಿಗೆ ಹಿಡಿದ ಅಮ್ಮ. ಅಮ್ಮನ ಔಷಧಿ ಅವಳ ಸಂಬಳದಲ್ಲೇ ಬರಬೇಕು. ಅವಳು ಪ್ರತಿ ಚಿತ್ರದಿಂದಲೂ ಅವನ ಕೈಯನ್ನು ಅಳಿಸಿದಳು. ಬೆರಳಿದ್ದ ಜಾಗಕ್ಕೆ ಬಿಳಿ ಬಳಿದಳು.

'ಅವನಿಗೆ ಹೇಗೆ ಹೇಳಲಿ? ನಾಳೆ ಹೇಳುತ್ತೇನೆ...' ಆ ನಾಳೆ ಬರಲೇ ಇಲ್ಲ.

ಪಾಪ, ಅವನಿಗೇನು ಗೊತ್ತು? ಮಂಡಿನೋವಿನ ಒಬ್ಬ ಅಜ್ಜಿಗೆ, "ಚಿತ್ರದಲ್ಲಿ ನನ್ನ ಕೈ ಇರತ್ತೆ, ಅದನ್ನ ನೋಡಿ ಧೈರ್ಯವಾಗಿ ಆರಿಸಿ ಅಜ್ಜಿ," ಎಂದಿದ್ದ. ಅಜ್ಜಿ ಆ ಮಾತು ನಂಬಿ, ಚಿತ್ರದಲ್ಲಿ ಕೈ ಹುಡುಕದೆಯೇ, ಬಿಸಿನೀರಲ್ಲಿ ಕಾಲು ಚಾಚಿ ಕೂರಲು ತೊಟ್ಟಿ ಆರಿಸಿದರು. ಬಂದದ್ದು ಮಕ್ಕಳ ತೊಟ್ಟಿ!

ಅಜ್ಜಿಯ ಮಗ ಆಫೀಸಿಗೇ ಬಂದು ಕೂಗಾಡಿದ. "ಕೈ ಇದೆ ಅಂದ್ರಲ್ಲ, ಎಲ್ಲಿದೆ? ವಯಸ್ಸಾದವರಿಗೆ ಮೋಸ ಮಾಡ್ತೀರಾ?"

ಫಿಟ್ಟರ್ ಕಂಗಾಲಾಗಿ ಅವಳತ್ತ ತಿರುಗಿದ. "ಮೇಡಂ, ನೀವಾದ್ರೂ ಹೇಳಿ. ಕೈ ಇತ್ತಲ್ವಾ?"

ಮಾಲೀಕರು ಅವಳನ್ನೇ ನೋಡುತ್ತಿದ್ದರು. ಅವಳು ಪರದೆಯತ್ತ ಮುಖ ತಿರುಗಿಸಿದಳು. 'ಅಮ್ಮಾ...'

"ಇಲ್ಲ," ಎಂದಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು! ಅವನು ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಸುಳ್ಳುಗಾರ ಎನ್ನಿಸಿಕೊಂಡು, ಕೆಲಸ ಕಳೆದುಕೊಂಡು, ತಲೆತಗ್ಗಿಸಿ ಹೊರಟುಹೋದ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಅವನ ಪಾಲಿಗೆ ಕೆಸರೇ ಉಳಿಯಿತು.

ಆಮೇಲೆ ಅವಳಿಗೆ ಅನ್ನ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ. ಬಿಳಿ ಪರದೆಯ ಮುಂದೆ ಕೂತರೆ ಕಣ್ಣು ತುಂಬುತ್ತಿತ್ತು. 'ನಾನು ಅಳಿಸಿದ್ದು ಚಿತ್ರವನ್ನಲ್ಲ, ಅವನ ಮಾನವನ್ನ...'

ಕೊನೆಗೊಂದು ಮಧ್ಯಾಹ್ನ ಅವಳು ಅವನ ಅಕ್ಕನ ಮನೆಯ ಬಾಗಿಲು ತಟ್ಟಿದಳು.

"ಇನ್ನೇನು ಬಾಕಿ ಉಳಿದಿದೆ ಅಂತ ಬಂದೆ ತಾಯಿ?" ಎಂದರು ಅಕ್ಕ. "ಎಲ್ಲೂ ಕೆಲಸ ಕೊಡ್ತಿಲ್ಲ ಅವನಿಗೆ. ನಾಳೆ ಊರು ಬಿಟ್ಟು ಹೋಗ್ತಾನೆ."

ಒಳಗೆ ಅವನು ಚೀಲಕ್ಕೆ ಬಟ್ಟೆ ತುಂಬುತ್ತಿದ್ದ. ತಲೆಯೆತ್ತಲಿಲ್ಲ.

"ಕೈ ಇತ್ತು," ಎಂದಳು ಹೊಸ್ತಿಲಾಚೆಯಿಂದಲೇ. "ಅಳಿಸಿದ್ದು ನಾನು. ಸುಳ್ಳು ಹೇಳಿದ್ದೂ ನಾನು."

"ನಂಗೆ ಗೊತ್ತಿರೋದನ್ನೇ ಹೇಳೋಕೆ ಇಷ್ಟು ದೂರ ಬಂದ್ರಾ?"

"ಆ ಅಜ್ಜಿ ಮನೆಗೆ ಹೋಗಿ ಹೇಳ್ದೆ. ಆಫೀಸಲ್ಲಿ ಎಲ್ಲರೆದುರೂ ಹೇಳ್ದೆ. ನಾಳೆಯಿಂದ ಬರಬೇಡ ಅಂದ್ರು."

ಅವನ ಕೈ ಚೀಲದಲ್ಲೇ ನಿಂತಿತು. "ಮತ್ತೆ... ಅಮ್ಮನ ಔಷಧಿ?"

"ಗೊತ್ತಿಲ್ಲ..." ಅಳು ಒತ್ತರಿಸಿ ಬಂತು. "ಏನೂ ಗೊತ್ತಿಲ್ಲ. ನಿಮ್ಮನ್ನ ಪ್ರೀತಿಸ್ತೀನಿ ಅನ್ನೋದೊಂದು ಗೊತ್ತು. ಅದನ್ನ ಹೇಳೋ ಯೋಗ್ಯತೆ ನಂಗಿಲ್ಲ ಅನ್ನೋದೂ ಗೊತ್ತು."

ಅಕ್ಕ ಸುಮ್ಮನೆ ಅಡುಗೆಮನೆಗೆ ಸರಿದರು.

"ನನ್ನ ಸಿಟ್ಟು ಇಳಿದಿಲ್ಲ," ಎಂದ ಅವನು.

"ಇಳಿಯೋವರೆಗೂ ಇಲ್ಲೇ ಕೂತಿರ್ತೀನಿ."

"ಇಳೀದೇ ಹೋದ್ರೆ?"

"ಸಿಟ್ಟಲ್ಲೇ ಇರಿ... ಆದ್ರೆ ಇಲ್ಲೇ ಇರಿ."

ಅವನು ಎದ್ದು ಬಾಗಿಲಿಗೆ ಬಂದ. ಅವನ ಕಣ್ಣೂ ಒದ್ದೆಯಾಗಿತ್ತು.

"ಹೊಸ್ತಿಲಲ್ಲಿ ನಿಂತು ಅಳಬಾರದು. ಒಳಗೆ ಬಾ."